ಬಣ್ಣ ಹೊಕ್ಕ ಬೆರಳು

ಪಂಪು ರಿಪೇರಿ ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಬೀದಿಯವರೆಲ್ಲ ಪಂಪಣ್ಣ, ಪಂಪಣ್ಣ ಎಂದು ಕರೆದು ಕರೆದು ಆ ಹೆಸರು ಅವನಿಗೇ ಮರೆತುಹೋದಂತಾಗಿತ್ತು. ನೀರಾಗಲಿ, ಎಣ್ಣೆಯಾಗಲಿ, ಜೇನಿನಂತೆ ಜಗ್ಗುವ ಗೋಂದಾಗಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡುವ ಯಂತ್ರ ಕೈ ಕೊಟ್ಟಿತೆಂದರೆ ಜನ ಅವನ ಬಳಿಗೇ ಹೊತ್ತು ತರುತ್ತಿದ್ದರು. ಅವನೂ ಅಷ್ಟೆ, ಯಂತ್ರಕ್ಕೆ ಕಿವಿಯಿಟ್ಟು ಕೇಳಿ, "ಇದಕ್ಕೆ ಉಸಿರು ಕಟ್ಟಿದೆ," ಎಂದು ಡಾಕ್ಟರ ಹಾಗೆ ಹೇಳುತ್ತಿದ್ದ.

ಅವನ ತಂಗಿ ಬಣ್ಣದ ಕೆಲಸದವಳು. ಗೇಟು, ಕಿಟಕಿಯ ಸರಳು, ಕಬ್ಬಿಣದ ಮೆಟ್ಟಿಲು, ಇವೇ ಅವಳ ಪಾಲಿನ ಕೆಲಸ. ಹನ್ನೆರಡು ವರ್ಷ ಬ್ರಷ್ ಆಡಿಸಿ ಆಡಿಸಿ ಅವಳ ಬಲಭುಜ ಸೋತುಹೋಗಿತ್ತು. ಅದನ್ನು ನೋಡಲಾರದೆ ಪಂಪಣ್ಣ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡು ಒಂದು ಮಿಷನ್ ಕಟ್ಟಿದ. ಲಾರಿ ತೊಳೆಯುವ ಜಾಗದಲ್ಲಿ ಮೂಲೆಗೆ ಬಿದ್ದಿದ್ದ ಪಂಪು, ಹೊಸ ವಾಷರು, ದಪ್ಪ ರಬ್ಬರಿನ ಪೈಪು, ಗುಜರಿಯಲ್ಲಿ ಸಿಕ್ಕ, ಬಣ್ಣ ಚಿಮ್ಮಿಸುವ ಒಂದು ಗನ್ನು. ಬೇರೆ ಸ್ಪ್ರೇ ಮಿಷನ್ನುಗಳಂತೆ ಗಾಳಿಯ ಹಂಗೇ ಇಲ್ಲ. ಬಣ್ಣವನ್ನೇ ನೂರೆಂಬತ್ತು ಕೆಜಿ ಒತ್ತಡದಲ್ಲಿ ಸೂಜಿಮೊನೆಯಂತಹ ತೂತಿನಿಂದ ಆಚೆ ನೂಕಿದರೆ ಅದು ತಾನಾಗಿಯೇ ಮಂಜಿನಂತೆ ಹರಡಿ ಕಬ್ಬಿಣಕ್ಕೆ ಕೂರುತ್ತಿತ್ತು. ಮೂರು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯಿತು. ತಂಗಿ ಕಂಡಕಂಡವರ ಬಳಿ, "ನಮ್ಮಣ್ಣ ಮಾಡಿದ್ದು ರೀ," ಎಂದು ಕೊಚ್ಚಿಕೊಂಡಳು. ಪಂಪಣ್ಣ ಹೊರಗೆ ಏನೂ ತೋರಿಸಿಕೊಳ್ಳದೆ ಒಳಗೊಳಗೇ ಬೀಗಿದ.

ಮಿಷನ್ ಕೊಟ್ಟ ಎರಡನೇ ತಿಂಗಳು, ಒಂದು ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತಂಗಿ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದಳು. ಅಂಗಿಯ ತುಂಬ ಬೂದುಬಣ್ಣದ ಪ್ರೈಮರಿನ ಚುಕ್ಕೆ. ಗನ್ನಿನ ತುದಿಯನ್ನು ಬಿಚ್ಚಿ ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದಳು.

"ತಗೋ ಪಂಪಣ್ಣ, ನಿನ್ನ ಮಗುಗೆ ಮೂಗು ಕಟ್ಕೊಂಡಿದೆ. ಬೇಗ ಕ್ಲೀನ್ ಮಾಡ್ಕೊಡು, ಅಲ್ಲಿ ಗೇಟ್ ಅರ್ಧಕ್ಕೆ ನಿಂತಿದೆ."

ಅವನು ನಗುತ್ತ ತುದಿಯನ್ನು ಈಸಿಕೊಂಡು ಬೆಳಕಿಗೆ ಹಿಡಿದ. ಆಗ ಅವಳು ಎಡಗೈಯ ತೋರುಬೆರಳನ್ನು ಮುಂದೆ ಚಾಚಿದಳು.

"ಇಲ್ನೋಡು, ಒರೆಸೋಕೆ ಹೋದ್ರೆ ಕಚ್ಚೇ ಬಿಡ್ತು ನಂಗೆ."

ಬೆರಳಿನ ತುದಿಯ ಮೆತ್ತಗಿನ ಭಾಗದಲ್ಲಿ ಒಂದು ಚುಕ್ಕೆ. ಪೆನ್ನಿನ ಮೊನೆ ತಾಗಿದಷ್ಟು. ರಕ್ತವಿಲ್ಲ, ಸೀಳಿಲ್ಲ. ಚುಕ್ಕೆಯ ನಡುವೆ ಮಾತ್ರ ಸಣ್ಣ ಬೂದುಬಣ್ಣ.

ಪಂಪಣ್ಣನ ಕೈಯಲ್ಲಿದ್ದ ಗನ್ನಿನ ತುದಿ ಜಾರಿ ನೆಲಕ್ಕೆ ಬಿತ್ತು.

"ಯಾವಾಗ ಆಯ್ತು?"

"ಒಂದ್ ಗಂಟೆ ಆಗಿರ್ಬೇಕು. ಯಾಕೋ?"

"ಮಿಷನ್ ಆಫ್ ಮಾಡಿದ್ಯಾ ಆಗ?"

"ಮಾಡಿದ್ದೆ ಕಣೋ. ಸ್ವಿಚ್ ಆಫ್ ಮಾಡೇ ಬಟ್ಟೆಲಿ ಒರೆಸ್ತಿದ್ದೆ. ಗನ್ನು ಜಾರ್ತು, ಹಿಡ್ಕೊಳ್ಳೋಕೆ ಹೋದೆ, ಟ್ರಿಗರ್ ಅದುಮಿತು. ನೋವೇನಿಲ್ಲ."

ನೋವಿಲ್ಲ ಎಂಬ ಮಾತೇ ಅವನನ್ನು ಇನ್ನಷ್ಟು ಹೆದರಿಸಿತು. ಸ್ವಿಚ್ ಆಫ್ ಮಾಡಿದರೂ ಪೈಪಿನೊಳಗೆ ಒತ್ತಡ ಹಾಗೇ ಕಾದು ಕೂತಿರುತ್ತದೆ. ಅದನ್ನು ಇಳಿಸುವ ಕವಾಟವನ್ನು ಅವನು ಮಿಷನ್ನಿಗೆ ಹಾಕಿರಲಿಲ್ಲ. ಮುಂದಿನ ವಾರ ಹಾಕೋಣ ಎಂದುಕೊಂಡು ಎರಡು ತಿಂಗಳು ಕಳೆದಿತ್ತು. ಗನ್ನನ್ನು ಬಕೆಟ್ಟಿನೊಳಗೆ ಒತ್ತಿ ಒತ್ತಡ ಇಳಿಸಿದ ಮೇಲೆಯೇ ತುದಿ ಮುಟ್ಟಬೇಕು ಎಂದು ಒಮ್ಮೆ, ಏನೋ ಕೆಲಸದ ನಡುವೆ, ಹೇಳಿದ ನೆನಪು. ಯಾಕೆ ಎಂದು ಮಾತ್ರ ಹೇಳಿರಲಿಲ್ಲ. ಹೇಳಿದರೆ ಅವಳು ಮಿಷನ್ನನ್ನೇ ಮುಟ್ಟುವುದಿಲ್ಲವೇನೋ ಎಂಬ ಅಳುಕಿತ್ತು.

"ಗಾಡಿ ಹತ್ತು," ಎಂದು ಷಟರ್ ಎಳೆದ.

"ಎಲ್ಲಿಗೆ?"

"ಡಾಕ್ಟರ್ ಹತ್ರ."

"ಇಷ್ಟಕ್ಕಾ? ತಲೆಗಿಲೆ ಕೆಟ್ಟಿದ್ಯಾ ನಿಂಗೆ?"

ಎರಡು ಬೀದಿ ದಾಟಿದರೆ ಹಳೆಯ ಕ್ಲಿನಿಕ್ಕು. ಅಲ್ಲಿಯ ವಯಸ್ಸಾದ ಡಾಕ್ಟರು ಅಣ್ಣ ತಂಗಿ ಇಬ್ಬರ ಜ್ವರಗಳನ್ನೂ ಚಿಕ್ಕಂದಿನಿಂದ ನೋಡಿದವರು. ಕನ್ನಡಕವನ್ನು ಹಣೆಗೆ ಏರಿಸಿ, ಬೆರಳನ್ನು ಆಚೆ ಈಚೆ ತಿರುಗಿಸಿ ನೋಡಿದರು.

"ಏನಿಲ್ಲಮ್ಮ, ಚುಚ್ಚಿದೆ ಅಷ್ಟೆ. ಒಂದು ಟಿಟಿ ಇಂಜೆಕ್ಷನ್ ಹಾಕ್ತೀನಿ. ಮಾತ್ರೆ ತಗೋ, ಎರಡು ದಿನ ನೀರು ತಾಗಿಸ್ಬೇಡ."

"ಡಾಕ್ಟ್ರೇ, ಅದು ಮಿಷನ್ನಿಂದ ಆಗಿದ್ದು," ಎಂದ ಪಂಪಣ್ಣ. "ಬಣ್ಣದ ಪಂಪಿಂದ."

"ಮಿಷನ್ ಆದ್ರೇನು, ಮುಳ್ಳಾದ್ರೇನು? ಸಣ್ಣ ಗಾಯ ಸಣ್ಣ ಗಾಯಾನೇ. ನೀನ್ಯಾಕಪ್ಪ ಹೀಗೆ ಬೆವರ್ತಿದೀಯ?"

ಆ ಗಳಿಗೆಯಲ್ಲಿ ಪಂಪಣ್ಣನೊಳಗೆ ಒಂದು ಆಸೆ ತಲೆಯೆತ್ತಿತು. ಓದಿದವರೇ ಏನಿಲ್ಲ ಅನ್ನುತ್ತಿದ್ದಾರೆ. ಹೂಂ ಎಂದು ಎದ್ದು ಹೋದರೆ ಆಯಿತು. ಯಾರೂ ಮಿಷನ್ನಿನ ವಿಷಯ ಕೇಳುವುದಿಲ್ಲ, ಅವನೂ ಬಾಯಿ ಬಿಡಬೇಕಾಗಿಲ್ಲ. ನಾಳೆ ಗುಣವಾದರೂ ಆಗಬಹುದು. ಆ ಆಸೆ ಎಷ್ಟು ಹಿತವಾಗಿತ್ತೆಂದರೆ ಅವನು ನಿಜವಾಗಿಯೂ ತಲೆಯಾಡಿಸಿ, ಚೀಟಿ ಈಸಿಕೊಂಡು, ತಂಗಿಯ ಹಿಂದೆ ಮೆಟ್ಟಿಲಿಳಿದು ಬಂದುಬಿಟ್ಟ.

ಬಿಸಿಲಿನಲ್ಲಿ ಸ್ಕೂಟರಿನ ಬಳಿ ನಿಂತು ತಂಗಿ ಬೆರಳನ್ನು ಮಡಿಸಿ ಬಿಡಿಸಿ ನೋಡಿಕೊಂಡಳು.

"ಸ್ವಲ್ಪ ಬಿಗಿ ಬಂದಿದೆ ಕಣೋ. ಉಂಗುರ ಬಿಗಿಯಾದ ಹಾಗೆ."

ಪಂಪಣ್ಣ ಆ ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದ. ಉಳಿದ ನಾಲ್ಕು ಬೆರಳು ಬಿಸಿಲಿಗೆ ಬೆಚ್ಚಗಿದ್ದವು. ಅದೊಂದು ಮಾತ್ರ ತಣ್ಣಗಿತ್ತು. ಉಗುರಿನ ಕೆಳಗಿನ ಕೆಂಪು ಹೋಗಿ ಮೇಣದ ಬಣ್ಣ ಬಂದಿತ್ತು.

ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಕಣ್ಣ ಮುಂದೆ ಬಂದು ನಿಂತ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಕ್ರೇನಿನ ಎಣ್ಣೆ ಪೈಪಿನಲ್ಲಿ ಎಲ್ಲಿ ಸೋರುತ್ತಿದೆ ಎಂದು ಅಂಗೈ ಆಡಿಸಿ ನೋಡುತ್ತಿದ್ದವನು ಆ ಮೇಸ್ತ್ರಿ. ಚುರ್ ಎಂದಿತಂತೆ. ಇರುವೆ ಕಚ್ಚಿದ ಹಾಗಿದೆ ಎಂದು ನಕ್ಕು, ಸಂಜೆಯವರೆಗೆ ಕೆಲಸ ಮಾಡಿ ಮನೆಗೆ ಹೋಗಿದ್ದ. ರಾತ್ರಿಯೆಲ್ಲ ಚೀರಾಡಿದನಂತೆ. ಮೂರನೇ ದಿನ ಪಂಪಣ್ಣ ನೋಡಲು ಹೋದಾಗ ಆ ಕೈ ಸುಟ್ಟ ಕೊರಡಿನಂತಾಗಿತ್ತು. ಮಣಿಕಟ್ಟಿನವರೆಗೆ ತೆಗೆದರು.

ನಡುರಸ್ತೆಯಲ್ಲೇ ಅವನು ಅದನ್ನೆಲ್ಲ ತಂಗಿಗೆ ಹೇಳಿದ. ಮಾತು ತುಂಡುತುಂಡಾಗಿ ಬಂತು. ಹೇಳುತ್ತಿದ್ದಂತೆ ಅವಳ ಮುಖದ ಮೇಲಿನ ನಗು ಮೆಲ್ಲಗೆ ಕರಗಿತು. ಆ ಬೆರಳು ತನ್ನದಲ್ಲವೆಂಬಂತೆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡಳು.

"ಇದೆಲ್ಲ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ ಕೈಗೆ ಕೊಟ್ಯಾ?"

ಸ್ಕೂಟರನ್ನು ಅವನೇ ಓಡಿಸಿದ. ಮೊದಲು ಅರ್ಧಕ್ಕೆ ನಿಂತ ಗೇಟಿನ ಬಳಿ ಹೋಗಿ ಪ್ರೈಮರಿನ ಡಬ್ಬವನ್ನೂ ತಿನ್ನರಿನ ಬಾಟಲಿಯನ್ನೂ ಎತ್ತಿಕೊಂಡ. ಮನೆಯ ಯಜಮಾನಿ, "ಇದೇನು, ಕೆಲಸ ಬಿಟ್ಟು ಹೊರಟ್ರಾ?" ಎಂದು ಕೂಗಿದ್ದು ಬೆನ್ನ ಹಿಂದೆ ಉಳಿಯಿತು. ದಾರಿಯುದ್ದಕ್ಕೂ ತಂಗಿ ಬಲಗೈಯಿಂದ ಅವನ ಅಂಗಿಯನ್ನು ಹಿಡಿದುಕೊಂಡಿದ್ದಳು. ಆ ಹಿಡಿತ ಹೊತ್ತುಹೊತ್ತಿಗೂ ಬಿಗಿಯಾಗುತ್ತ ಬಂದಿತು. ನೋವು ಶುರುವಾಗಿದೆ ಎಂದು ಅವನಿಗೆ ಅದರಿಂದಲೇ ತಿಳಿಯಿತು.

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಲೆಗೆ ಪೆಟ್ಟಾದವರು, ಕಾಲು ಮುರಿದವರು, ಉಬ್ಬಸದಿಂದ ಏದುಸಿರು ಬಿಡುತ್ತಿದ್ದ ಮುದುಕಿ. ಮೇಜಿನ ಹಿಂದೆ ನಿಂತಿದ್ದ ನರ್ಸು ಬೆರಳಿನತ್ತ ಅರೆಕ್ಷಣ ನೋಡಿ ಒಂದು ಚೀಟಿ ಕೊಟ್ಟಳು.

"ಅಲ್ಲಿ ಕೂತಿರಿ, ಕರೀತೀವಿ."

ಕೂತರು. ಗೋಡೆಯ ಮೇಲಿನ ಗಡಿಯಾರದ ಮುಳ್ಳು ಐದು ನಿಮಿಷ ದಾಟಿತು, ಹತ್ತು ದಾಟಿತು. ತಂಗಿಯ ಬೆರಳು ಈಗ ಊದಿ ಅಂಗೈಯ ಬುಡದವರೆಗೂ ಹೊಳೆಯುತ್ತಿತ್ತು. ಅವಳು ಕೆಳತುಟಿ ಕಚ್ಚಿಕೊಂಡು ಮುಂದಕ್ಕೂ ಹಿಂದಕ್ಕೂ ತೂಗಾಡುತ್ತಿದ್ದಳು. ಪಂಪಣ್ಣ ಎರಡು ಸಲ ಎದ್ದ, ಎರಡು ಸಲ ಕೂತ. ರಕ್ತ ಸೋರುತ್ತಿರುವವರ ನಡುವೆ ಒಂದು ಚುಕ್ಕೆ ಹಿಡಿದುಕೊಂಡು ಗಲಾಟೆ ಮಾಡುವುದು ಹೇಗೆ? ಅವನ ಹೆದರಿಕೆಗೆ ನಾಚಿಕೆಯೂ ಜೊತೆಯಾಗಿ ಕಾಲು ಕಟ್ಟಿಹಾಕಿತ್ತು.

"ಅಣ್ಣ," ಎಂದಳು ತಂಗಿ, ಚಿಕ್ಕ ಹುಡುಗಿಯ ದನಿಯಲ್ಲಿ. "ಬೆರಳಿನ ತುದಿ ಗೊತ್ತಾಗ್ತಿಲ್ಲ ಕಣೋ. ಮುಟ್ಟಿದ್ರೂ ಗೊತ್ತಾಗ್ತಿಲ್ಲ."

ಪಂಪಣ್ಣ ಮೂರನೇ ಸಲ ಎದ್ದವನು ಮತ್ತೆ ಕೂರಲಿಲ್ಲ. ಜನರನ್ನು ಸರಿಸಿಕೊಂಡು ಹೋಗಿ ನರ್ಸಿನ ಮೇಜಿನ ಮೇಲೆ ಬಣ್ಣದ ಡಬ್ಬ ಕುಕ್ಕಿದ.

"ಸಿಸ್ಟರ್, ಗಾಯ ಹೊರಗಿಲ್ಲ, ಒಳಗಿದೆ. ಈ ಬಣ್ಣ ಅವಳ ಬೆರಳೊಳಗೆ ಹೋಗಿದೆ. ಕಾರಿನ ಚಕ್ರದಲ್ಲಿರೋದು ಎರಡೂವರೆ ಕೆಜಿ ಒತ್ತಡ, ಇದು ನೂರೆಂಬತ್ತು ಕೆಜಿ. ಆಗ್ಲೇ ಎರಡು ಗಂಟೆ ಮೇಲಾಯ್ತು. ನಿಮ್ಮ ಕಾಲಿಗೆ ಬೀಳ್ತೀನಿ, ಕೈ ಡಾಕ್ಟರನ್ನ ಕರೀರಿ."

ನರ್ಸು ಡಬ್ಬವನ್ನೂ ಅವನ ಮುಖವನ್ನೂ ನೋಡಿದಳು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದವಳೇ ಫೋನೆತ್ತಿದಳು.

ಬಂದ ಸರ್ಜನ್ ಒಬ್ಬ ಗಿಡ್ಡ ಹೆಂಗಸು. ಬೆರಳನ್ನು ಮುಟ್ಟಿದ ಕೂಡಲೇ ಅವರ ಮಾತು, ಓಡಾಟ ಎಲ್ಲ ಚುರುಕಾಯಿತು. ಎಕ್ಸ್‌ರೇ ತೆಗೆಸಿದರು. ಪರದೆಯ ಮೇಲೆ ಮೂಳೆಗಳ ಪಕ್ಕದಲ್ಲಿ, ಬೆರಳ ತುದಿಯಿಂದ ಹೊರಟು ಅಂಗೈಯ ನಡುವಿನವರೆಗೂ, ಬಿಳಿಯ ಗೆರೆಯೊಂದು ಕವಲೊಡೆದು ಹೋಗಿತ್ತು. ಅದು ಬಣ್ಣ. ಅವನು ಕಟ್ಟಿದ ಮಿಷನ್ ಅದನ್ನು ಅಷ್ಟು ದೂರ ಓಡಿಸಿತ್ತು.

ಅಷ್ಟರಲ್ಲಿ ತಂಗಿಯ ಗಂಡನೂ ಓಡಿ ಬಂದ. ಶಾಲೆಯ ವ್ಯಾನ್ ಓಡಿಸುವವನು, ಮಿತಭಾಷಿ. ಅವನು ಏನು ಎತ್ತ ಎಂದು ಕೇಳುವ ಮೊದಲೇ ಸರ್ಜನ್ ಕಾಗದ ಹಿಡಿದುಕೊಂಡು ಪ್ರಶ್ನೆಗಳನ್ನು ಸುರಿದರು.

"ಎಣ್ಣೆ ಬಣ್ಣಾನಾ, ನೀರಿಂದಾ?"

"ಎಣ್ಣೇದು ಮೇಡಂ. ತಿನ್ನರ್ ಬೆರೆಸಿದೆ. ಬಾಟಲಿ ತಂದಿದೀನಿ."

"ಒಳ್ಳೇದು ಮಾಡಿದ್ರಿ. ಒತ್ತಡ ಎಷ್ಟಿತ್ತು, ಸರಿಯಾಗಿ ಗೊತ್ತಾ?"

"ಗೊತ್ತು. ನೂರೆಂಬತ್ತು."

"ಯಾವ ಕಂಪನಿ ಮಿಷನ್?"

ಭಾವನ ಕಣ್ಣು ತನ್ನ ಕೆನ್ನೆಯ ಮೇಲೆ ನೆಟ್ಟಿರುವುದು ಪಂಪಣ್ಣನಿಗೆ ಗೊತ್ತಾಗುತ್ತಿತ್ತು.

"ಕಂಪನಿ ಇಲ್ಲ. ನಾನೇ ಮಾಡಿದ್ದು. ಒತ್ತಡ ಇಳಿಸೋ ವಾಲ್ವ್ ಇರ್ಬೇಕಿತ್ತು, ನಾನು ಹಾಕಿರ್ಲಿಲ್ಲ."

ಸರ್ಜನ್ ಬರೆಯುತ್ತಿದ್ದ ಪೆನ್ನನ್ನು ಒಂದು ಗಳಿಗೆ ನಿಲ್ಲಿಸಿ, ಮತ್ತೆ ಬರೆದರು. ಬೈಯಲಿಲ್ಲ. "ಈಗಲೇ ಬೆರಳು ಕೊಯ್ದು ಒಳಗೆ ತೊಳೀಬೇಕು. ಬೆರಳು ಉಳಿಯತ್ತೆ ಅಂತ ಮಾತು ಕೊಡೋಕಾಗಲ್ಲ. ಇಲ್ಲಿ ಸಹಿ ಹಾಕಿ," ಎಂದರು.

ತಳ್ಳುಮಂಚದ ಮೇಲೆ ಹೋಗುವಾಗ ತಂಗಿ ಗಂಡನನ್ನು ನೋಡಿದಳು, ಅಣ್ಣನನ್ನು ನೋಡಲಿಲ್ಲ.

ಆಪರೇಷನ್ ಕೋಣೆಯ ಎದುರಿನ ಬೆಂಚಿನಲ್ಲಿ ಭಾವನೂ ಪಂಪಣ್ಣನೂ ಒಂದೊಂದು ತುದಿಗೆ ಕೂತರು. ಬಾಗಿಲು ಒಂದೊಂದು ಸಲ ತೆರೆದಾಗಲೂ ಪಂಪಣ್ಣ ಅರ್ಧಕ್ಕೆ ಎದ್ದು ನಿಲ್ಲುತ್ತಿದ್ದ. ಯಾರೋ ಬಕೆಟ್ ಹಿಡಿದುಕೊಂಡು ಹೊರಬಂದರೆ ಅದರಲ್ಲೇನಿದೆಯೋ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದು ಗಂಟೆಯ ಮೇಲೆ ಭಾವ ನೆಲ ನೋಡುತ್ತಲೇ ಕೇಳಿದ.

"ಇದು ಹೀಗೆಲ್ಲ ಮಾಡತ್ತೆ ಅಂತ ಅವಳಿಗೆ ಹೇಳಿದ್ರಾ ನೀವು?"

"ಪೂರ್ತಿ ಹೇಳಿರ್ಲಿಲ್ಲ ಭಾವ."

"ಅರ್ಧ ಹೇಳಿದ್ರಾ?"

"ಅರ್ಧಾನೂ ಅಲ್ಲ."

ಭಾವ ಎದ್ದು ಕಿಟಕಿಯ ಬಳಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಕೆನ್ನೆಗೆ ಎರಡು ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ ಎನ್ನಿಸಿತು ಪಂಪಣ್ಣನಿಗೆ.

ನಾಲ್ಕೂವರೆಗೆ ಸರ್ಜನ್ ಹೊರಬಂದರು. ಬೆರಳಿನಿಂದ ಅಂಗೈಯವರೆಗೆ ಸೀಳಿ, ಸಿಕ್ಕಿದಷ್ಟು ಬಣ್ಣವನ್ನು ಕೆರೆದು ತೊಳೆದಿದ್ದರು. ಗಾಯವನ್ನು ಹೊಲಿಯದೆ ಹಾಗೇ ಬಿಟ್ಟಿದ್ದರು. ಇನ್ನೆರಡು ಸಲ ತೊಳೆಯಬೇಕು. ರಕ್ತ ಓಡಾಡುತ್ತಿದೆ, ತುದಿಯದ್ದು ಮಾತ್ರ ಅನುಮಾನ. "ನಾಳೆ ಬಂದಿದ್ರೆ ಕೈಯೇ ಉಳಿಯೋದು ಕಷ್ಟವಾಗ್ತಿತ್ತು," ಎಂದರು. ಆ ಮಾತಿನಿಂದ ಪಂಪಣ್ಣನಿಗೆ ಸಮಾಧಾನವೇನೂ ಆಗಲಿಲ್ಲ. ಕ್ಲಿನಿಕ್ಕಿನ ಮೆಟ್ಟಿಲಿಳಿದು ಬಂದ ತನ್ನ ಕಾಲುಗಳನ್ನೇ ನೋಡಿಕೊಂಡ.

ಆಮೇಲಿನ ದಿನಗಳಲ್ಲಿ ಅವನಿಗೆ ಊಟ ಸೇರಲಿಲ್ಲ. ಮೊದಲು ಆ ಗೇಟಿನ ಮನೆಗೆ ಹೋಗಿ ಗನ್ನನ್ನು ಬಕೆಟ್ಟಿಗೆ ಹಿಡಿದು ಪೈಪಿನ ಒತ್ತಡ ಇಳಿಸಿದ. ಹಾಗೆ ಮಾಡುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದ, ತಾನೇ ಕಟ್ಟಿದ್ದಕ್ಕೆ ತಾನೇ ಹೆದರಿ. ಮಿಷನ್ನನ್ನು ಬಿಚ್ಚಿ, ಗನ್ನನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದ. ದಿನಾ ಬೆಳಿಗ್ಗೆ ಆಸ್ಪತ್ರೆಯ ವಾರ್ಡಿನ ಬಾಗಿಲಿಗೆ ಬಂದು, ಒಳಗೆ ಹೋಗದೆ, ನರ್ಸನ್ನು ಕೇಳಿಕೊಂಡು ಹಿಂದಿರುಗುತ್ತಿದ್ದ. ಐದನೇ ದಿನ ಬೆರಳಿನ ತುದಿಯ ಗೆಣ್ಣನ್ನು ತೆಗೆದರು. ಉಳಿದದ್ದು ಉಳಿಯಿತು.

ಎಂಟನೇ ದಿನ ನರ್ಸು, "ಒಳಗೆ ಬರ್ಬೇಕಂತೆ, ನಿಮ್ಮ ತಂಗಿ ಕರೀತಿದಾರೆ," ಎಂದಳು.

ಅವನು ಕಳ್ಳನ ಹಾಗೆ ಒಳಗೆ ಹೋದ. ತಂಗಿ ಎಡಗೈಗೆ ದೊಡ್ಡ ಬ್ಯಾಂಡೇಜು ಸುತ್ತಿಸಿಕೊಂಡು ದಿಂಬಿಗೆ ಒರಗಿದ್ದಳು. ಮುಖ ಸೊರಗಿತ್ತು. ತಲೆ ಹಕ್ಕಿಯ ಗೂಡಿನಂತೆ ಕೆದರಿತ್ತು.

"ಬಾಗಿಲಲ್ಲಿ ನಿಂತು ನಿಂತು ಕಂಬ ಆಗ್ಬಿಟ್ಯೇನೋ ಅಂದ್ಕೊಂಡಿದ್ದೆ," ಎಂದಳು. "ಕೂತ್ಕೋ. ಈ ಬಾಚಣಿಗೆ ತಗೋ. ನಮ್ಮನೆಯವರಿಗೆ ಬಾಚೋಕೆ ಬರಲ್ಲ, ಕಿತ್ತು ಹಾಕ್ತಾರೆ."

"ನಂಗೂ ಬರಲ್ಲ ಕಣೇ."

"ಮಿಷನ್ ಮಾಡೋಕೆ ಬರತ್ತೆ, ಜಡೆ ಹಾಕೋಕೆ ಬರಲ್ವಾ? ಮೂರು ಭಾಗ ಮಾಡು."

ಅವನು ಅವಳ ಬೆನ್ನ ಹಿಂದೆ ಕೂತು ಕೂದಲನ್ನು ಮೂರು ಭಾಗ ಮಾಡಿದ. ತುದಿಯಿಂದ ಮೇಲಕ್ಕೆ ಒಂದೊಂದೇ ಸಿಕ್ಕು ಬಿಡಿಸುತ್ತ ಬಂದ.

"ನಿನ್ ಮೇಲೆ ಸಿಟ್ಟಿದೆ ಕಣೋ," ಎಂದಳು ಅವಳು, ಗೋಡೆಯತ್ತ ನೋಡುತ್ತ. "ಇನ್ನೂ ಬಹಳ ದಿನ ಇರತ್ತೆ."

"ಇರ್ಲಿ."

"ಅವತ್ತು ಹೆದರ್ಕೊಂಡಿದ್ಯಾ?"

"ಈಗ್ಲೂ ಹೆದರ್ಕೊಂಡೇ ಇದೀನಿ."

"ನಾನೂ," ಎಂದಳು. ಆಮೇಲೆ ಅವಳು, "ಎಡಗಡೆದು ಮೇಲೆ ಬರ್ಬೇಕು, ದಡ್ಡ," ಎಂದು ಗದರಿದಳು. ಪಂಪಣ್ಣ ಹಾಕಿದ್ದಷ್ಟನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದ.