ಸಂಡೂರಿಗೆ ಬಂತೇನ್ರಿ?

ಹಾಲೇಶನ ಹಳೇ ಸಾಫ್ಟ್‌ವೇರಿಗೆ ಒಂದು ಕೊರತೆ ಇತ್ತು. ಆ ಕೊರತೆಯನ್ನು ಅವನು ಒಂದು ದಿನವೂ ಬೈದವನಲ್ಲ.

ಹೊಸಪೇಟೆಯ ಅದಿರು ಸಾಗಣೆ ಕಂಪನಿಯೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಅವನದು. ಕಂಪ್ಲಿಯಿಂದ ಸಂಡೂರಿನ ತನಕ ಇದ್ದ ಅಷ್ಟೂ ಯಂತ್ರಗಳಿಗೆ ಹೊಸ ಪ್ರೋಗ್ರಾಮುಗಳನ್ನು ಕೂತಲ್ಲಿಂದಲೇ ಕಳಿಸಲು ಆ ಸಾಫ್ಟ್‌ವೇರ್ ಇತ್ತು. ಕಳಿಸುವುದರಲ್ಲಿ ಗಟ್ಟಿ. ಹೋಗಿ ಮುಟ್ಟಿತೋ ಇಲ್ಲವೋ ಎಂದು ಹೇಳುವುದರಲ್ಲಿ ಮಹಾ ಮಳ್ಳ. ಹಾಗಾಗಿ ಪ್ರತಿ ಸಲ ಹಾಲೇಶ ಒಂದೊಂದು ಕಡೆಗೂ ಫೋನ್ ಹಚ್ಚಿ ಕೇಳಬೇಕಿತ್ತು. ಬೇರೆಯವರು "ಬಂತು" ಅಂದು ಫೋನ್ ಕುಕ್ಕುತ್ತಿದ್ದರು. ಸಂಡೂರಿನ ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಭುವನೇಶ್ವರಿ ಮಾತ್ರ ಹಾಗಲ್ಲ.

"ಬಂತ್ರಿ ಸರ. ನಿಮ್ ಕಡೆ ಮಳಿ ಐತೇನ್ರಿ? ಇಲ್ಲಿ ಗುಡ್ಡನ ಕಾಣವಲ್ದು ನೋಡ್ರಿ," ಅನ್ನುತ್ತಿದ್ದಳು.

ಅದರ ಮೇಲೆ ಇನ್ನೆರಡು ಮಾತು: ಬುತ್ತಿಗೆ ಏನು ಕಟ್ಟಿಕೊಂಡು ಬಂದಳು, ಯಾವ ಡ್ರೈವರ್ ಜಗಳ ತೆಗೆದ. ತಾನು ಒಂಟಿ ಎಂಬುದನ್ನೂ ಒಮ್ಮೆ ಹೀಗೇ ಹೇಳಿದ್ದಳು. ಹಾಲೇಶ ಅವಳ ಮುಖ ನೋಡಿದವನಲ್ಲ. ನಲವತ್ತು ದಾಟಿದ ಗಂಡಸು, ಚಿತ್ತವಾಡ್ಗಿಯ ಮನೆಯಲ್ಲಿ ಒಬ್ಬನೇ ರೊಟ್ಟಿ ಮುರಿಯುವಾಗ ಆ ಮಾತುಗಳನ್ನೇ ಮೆಲುಕು ಹಾಕುತ್ತಿದ್ದ. ಅವಳ ಕಡೆ ಜೀವ ಜಗ್ಗುತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ಆ ಸಾಫ್ಟ್‌ವೇರ್ ಮಾಡಿದ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತು. ಇದನ್ನು ಉಳಿಸುತ್ತಾರೋ ಮುಚ್ಚುತ್ತಾರೋ, ಬಾಯಿ ಬಿಟ್ಟು ಹೇಳುವವರಿಲ್ಲ. ಹಾಲೇಶನ ಮೇಲಧಿಕಾರಿ ಶಾಂಭವಿ ಕಾದು ಕೂರುವ ಪೈಕಿ ಅಲ್ಲ.

"ಹೊಸಾದು ತಗೊಂಡೀವ್ರಿ ಹಾಲೇಶ್. ಮುಟ್ಟಿದ್ ಕೂಡ್ಲೆ ಪರದೆ ಮ್ಯಾಲ ಹಸಿರು ಚುಕ್ಕಿ ಬರ್ತೈತಿ. ಇನ್ನ ನಿಮಗ ಫೋನಿನ ಗೋಳಿಲ್ಲ," ಎಂದಳು. ಉಪಕಾರ ಮಾಡಿದ ಖುಷಿ ಅವಳಿಗೆ.

ಹಾಲೇಶ ಒಂದೊಂದೇ ಕಚೇರಿಯನ್ನು ಹೊಸದಕ್ಕೆ ದಾಟಿಸಿದ. ಸಂಡೂರನ್ನು ಬಿಟ್ಟ. ಮೊದಲು ನೆಟ್‌ವರ್ಕ್ ಸರಿಯಿಲ್ಲ ಅಂದ. ಆಮೇಲೆ ಆಯುಧಪೂಜೆ ಕೈ ಹಿಡಿಯಿತು.

"ಪೂಜಿ ಮಾಡಿದ ಕಂಪ್ಯೂಟರ್ ಬನ್ನಿ ಮುಡಿಯೋತನಕ ಮುಟ್ಟಂಗಿಲ್ರಿ ಮೇಡಂ. ಇಭೂತಿ ಹಚ್ಚಿ, ಹಾರ ಹಾಕಿ ಬಂದ್ ಮಾಡ್ಯಾರ."

"ಆತು, ಬನ್ನಿ ಮರುದಿನ ಮುಗಿಸ್ರಿ," ಎಂದಳು ಶಾಂಭವಿ. ಅವಳ ಮನೆಯಲ್ಲೂ ಅದೇ ಪದ್ಧತಿ.

ಬನ್ನಿ ಹಬ್ಬವೂ ಮುಗಿಯಿತು, ನೆಪಗಳೂ ಮುಗಿದವು. ಮರುದಿನ ಬೆಳಿಗ್ಗೆ ಹಾಲೇಶ ಸಂಡೂರಿನ ಯಂತ್ರವನ್ನು ದಾಟಿಸಿ ಮೊದಲ ಪ್ರೋಗ್ರಾಮು ಕಳಿಸಿದ. ಕೈ ತೆಗೆಯುವಷ್ಟರಲ್ಲಿ ಹಸಿರು ಚುಕ್ಕಿ. ಹಾಳಾದ್ದು, ಒಂದು ತಪ್ಪಾದರೂ ಮಾಡಬಾರದಿತ್ತೇ? ಕೆಂಪು ಬರಲಿ ಎಂದು ಬೇಡಿಕೊಂಡು ಇನ್ನೊಂದು ಕಳಿಸಿದ. ಅದೂ ಹಸಿರು. ಶಾಂಭವಿ ಬಂದು ನೋಡಿ ಶಾಬಾಸ್ ಅಂದು ಹೋದಳು.

ಮಧ್ಯಾಹ್ನ ಹಾಲೇಶನಿಗೆ ಊಟ ಸೇರಲಿಲ್ಲ. ಫೋನ್ ಎತ್ತಿದ, ಇಟ್ಟ. ಏನೆಂದು ಕೇಳುವುದು? ಮುಟ್ಟಿದ್ದು ಕಣ್ಣೆದುರಿಗೇ ಕಾಣುತ್ತಿದೆ. ಸಂಜೆ ಎದೆ ಗಟ್ಟಿ ಮಾಡಿಕೊಂಡು ಹಚ್ಚೇಬಿಟ್ಟ.

"ಹೇಳ್ರಿ ಸರ. ಏನರ ಕಳ್ಸೀರೇನ್ರಿ?"

ಹೌದು ಎಂಬ ಸುಳ್ಳು ನಾಲಗೆಯ ತುದಿಗೆ ಬಂದಿತ್ತು.

"ಇಲ್ರಿ," ಅಂದ. "ಈಗ ಏನೂ ಕಳ್ಸಿಲ್ಲ. ಇನ್ ಮ್ಯಾಲ ಕೇಳೋ ಜರೂರತ್ತೂ ಇಲ್ರಿ. ಎಲ್ಲಾ ಇಲ್ಲೇ ಕಾಣ್ತೈತಿ."

ಆ ಕಡೆ ಲಾರಿಯೊಂದು ಗುರುಗುಟ್ಟುತ್ತ ತೂಕಕ್ಕೆ ಹತ್ತಿತು. ಡ್ರೈವರ್ ಹಾರ್ನ್ ಹೊಡೆದ, ಮತ್ತೆ ಹೊಡೆದ. ಭುವನೇಶ್ವರಿ ಫೋನ್ ಇಡಲಿಲ್ಲ.

"ಏ ತಮ್ಮಾ, ಚೂರು ತಡಿಯಪ್ಪ," ಎಂದು ಅವನಿಗೆ ಕೂಗಿ ಹೇಳಿದಳು. ಆಮೇಲೆ ದನಿ ಸಣ್ಣದು ಮಾಡಿ, "ಹಂಗಾರ ಇವತ್ತ ನನ್ನ ಸಲುವಾಗೇ ಹಚ್ಚೀರಿ ಅಂದಂಗಾತು," ಎಂದಳು. "ಮಾತಾಡ್ರಿ."