ಪಂಪಿನ ಹಿಂದಿನ ಸಿಮೆಂಟು

ನೀರಿನೊಡನೆ ಹಡಗು ಇಳಿಯುತ್ತಿದೆ, ಗೋಡೆಯ ಪಾಚಿ ಗೇಣುಗೇಣಾಗಿ ಬಯಲಾಗುತ್ತಿದೆ, ವೆಲೆಂಡ್ ಕಾಲುವೆಯ ಕೊನೆಯ ಕಟ್ಟೆ ಇದು, ಹಡಗನ್ನು ಮೆಟ್ಟಿಲಿಳಿಸುವ ನೀರಿನ ತೊಟ್ಟಿ, ನೀರು ಬಸಿದು ಗೇಟು ತೆರೆದರೆ ಒಂಟಾರಿಯೋ ಸರೋವರ, ಆಮೇಲೆ ನದಿ, ಆಮೇಲೆ ಉಪ್ಪುಕಡಲು, ಹತ್ತು ನಿಮಿಷ, ಅಷ್ಟೇ — ಹೋಗಲಿ, ತೊಲಗಲಿ, ಹ್ಯಾರಿಯೆಟ್ ಲೋಗನ್ ಇನ್ನು ನನ್ನವಳಲ್ಲ, ಮೂತಿಯ ಮೇಲಿನ ಹೆಸರಿಗೆ ಕಪ್ಪು ಬಳಿದಿದ್ದಾರೆ ದರಿದ್ರದವರು, ಬಳಿದರೇನು, ಬೆಸುಗೆಯ ಅಕ್ಷರ, ಬಣ್ಣದಡಿಯಲ್ಲೂ ಉಬ್ಬಿ ಕಾಣುತ್ತದೆ. ಮೂವತ್ತೊಂದು ವರ್ಷ ಅವಳ ಎಂಜಿನ್ ನೋಡಿಕೊಂಡೆ, ಸಾರ್ನಿಯಾದಲ್ಲಿ ಡೀಸೆಲು ತುಂಬಿಕೊಂಡು ಡಿಸೆಂಬರಿನ ಮಂಜುಗಡ್ಡೆ ಒಡೆಯುತ್ತ ಥಂಡರ್ ಬೇವರೆಗೆ, ಊರಿಗೆ ಊರೇ ನಮ್ಮ ಎಣ್ಣೆಯಲ್ಲಿ ಬೆಚ್ಚಗಿತ್ತು, ಯಾವನಾದರೂ ಅವಳ ಹೆಸರು ಕೇಳಿದನೇ. ಸಿಹಿನೀರು ಕಬ್ಬಿಣವನ್ನು ಬೇಗ ತಿನ್ನುವುದಿಲ್ಲ, ಸರೋವರದ ಹಡಗು ನಮಗಿಂತ ಹೆಚ್ಚು ಬಾಳುತ್ತದೆ, ಆ ಧೈರ್ಯದಲ್ಲೇ ಅಲ್ಲವೇ ನಾನು ಆ ಕೆಲಸ ಮಾಡಿದ್ದು — ಪಂಪಿನ ಹಿಂದೆ, ತಳದ ತಗಡಿನಲ್ಲಿ ಹೆಬ್ಬೆರಳಗಲದ ತೂತು, ಸುತ್ತ ಹಲಗೆ ಹೊಡೆದು ಸಿಮೆಂಟು ತುಂಬಿ ಬೂದುಬಣ್ಣ ಬಳಿದೆ, ತಪಾಸಣೆಯವನು ಅದರ ಮೇಲೇ ಕಾಲೂರಿ ನಿಂತು ಸಹಿ ಹಾಕಿದ. ನಮ್ಮಲ್ಲಿ ಇದನ್ನು ಮಾಡದ ಎಂಜಿನಿಯರ್ ಯಾವನಿದ್ದಾನೆ, ಬಾಯಿಬಿಟ್ಟಿದ್ದರೆ ಅವತ್ತೇ ಅವಳು ಗುಜರಿಗೆ. ಚಳಿಗಾಲಕ್ಕೆ ಕಟ್ಟಿಹಾಕಿದಾಗ ಸರಿಯಾಗಿ ಬೆಸೆಯೋಣ ಅಂದುಕೊಂಡೆ, ಮೂರು ಚಳಿಗಾಲ ಹೋದವು. ಸಿಮೆಂಟಿನ ಅಂಚಿನಲ್ಲಿ ಒಂದು ಒದ್ದೆ, ತಟ್ಟೆಯಷ್ಟು, ಒರೆಸಿದರೆ ಹೋಗುತ್ತದೆ, ಬೆಳಗ್ಗೆ ಮತ್ತೆ ಇರುತ್ತದೆ.

ನಿಮ್ಮಪ್ಪನ ಹಡಗೇನಯ್ಯ ಟೆಸ್ಕಿ, ದಕ್ಷಿಣದವರಿಗೆ ಮಾರಿಯಾಯ್ತು, ಮನೆಗೋಗಿ ಮೀನು ಹಿಡಿ, ಅಂದ ನಮ್ಮ ಹಳೆಯ ಕ್ಯಾಪ್ಟನ್ ಬ್ರೆಕನ್, ಅವನ ನಾಲಿಗೆ ಬಿದ್ದುಹೋಗ. ಎಂಜಿನ್ ಒಪ್ಪಿಸಿಕೊಳ್ಳಲು ಬಂದವನು ಹೊಂಡುರಾಸಿನ ಅನ್ಸೆಲ್ಮೊ, ನರೆತ ಗಡ್ಡದ ಗೂಳಿ, ಬಂದವನೇ ನನ್ನ ಕುರ್ಚಿಯನ್ನು ಎತ್ತಿ ದಕ್ಕೆಗೆ ಎಸೆದ, ಆಮೇಲೆ ಈ ಕಸ ನಿಮ್ದಾ ಅಂತ ಕೇಳಿದ, ಮೂವತ್ತೊಂದು ವರ್ಷ ಕೂತ ಕುರ್ಚಿ. ಅದೇ ಮಧ್ಯಾಹ್ನ ಎಂಜಿನ್ ದಾಖಲೆಯ ಪುಸ್ತಕ ಹಿಡಿದು ಎದುರು ನಿಂತ, ಬೇರೇನಾದ್ರೂ ಹೇಳೋದಿದ್ಯಾ ಸಾರ್, ನಾವು ಹನ್ನೊಂದು ಜನ ಹೋಗ್ತಿದೀವಿ. ಏನಿಲ್ಲ ಅಂದೆ. ಕುರ್ಚಿಯ ಸಿಟ್ಟಿಗೋ, ಪರವಾನಗಿ ಕಿತ್ತುಕೊಳ್ಳುತ್ತಾರೆಂಬ ಹೆದರಿಕೆಗೋ, ಎರಡಕ್ಕೂ ಇರಬೇಕು, ಉಪ್ಪುನೀರು ಸಿಮೆಂಟಿನ ಸುತ್ತಲಿನ ತಗಡನ್ನು ಒಂದೇ ವರ್ಷದಲ್ಲಿ ತಿಂದುಹಾಕುತ್ತದೆ ಎಂದು ಗೊತ್ತಿದ್ದೂ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಇಲ್ಲಿ ಮಾಡಿದವನು ನಾನು, ಉಣ್ಣುವವರು ಅವರು. ಅದಕ್ಕೇ ಬಸ್ಸು ಹಿಡಿದು ಇಲ್ಲಿಗೆ ಬಂದೆ, ಹೇಳಿಬಿಡೋಣ ಅಂತಲೇ ಬಂದೆ, ಈಗ ಬೇಲಿ ಹಿಡಿದು ನಿಂತಿದ್ದೇನೆ.

ಡೆಕ್ಕಿನ ಮೇಲೆ ಅವನೇ, ನನ್ನನ್ನು ನೋಡಿ ಕೈ ಎತ್ತುತ್ತಾನೆ, ಅವನ ತಲೆ ಆಗಲೇ ನನ್ನ ಬೂಟಿನ ಮಟ್ಟಕ್ಕಿಳಿದಿದೆ, ಟೆಸ್ಕಿ ಸಾರ್, ಪಂಪಿನ ಹಿಂದೆ ಸ್ವಲ್ಪ ಒದ್ದೆಯಾಗ್ತಿದೆ, ಏನದು? ಹೇಳು, ಈಗಲಾದರೂ ಹೇಳು ಮುದಿಯ, ಅವನೇ ಕೇಳುತ್ತಿದ್ದಾನೆ, ಹಗ್ಗ ಹಿಡಿದ ನಾಲ್ವರೂ ತಲೆಯೆತ್ತಿ ನೋಡುತ್ತಿದ್ದಾರೆ, ಕಟ್ಟೆಯ ಕಾವಲಿನವನೂ ಕಿವಿಗೊಟ್ಟಿದ್ದಾನೆ — ಬೆವರು, ಅಂದೆ, ಸಿಹಿನೀರಿನ ಹಡಗಲ್ವಾ, ಬೆವರತ್ತೆ. ನಕ್ಕ. ಹಾಗಾದ್ರೆ ದಿನಾ ಒರೆಸ್ತೀನಿ ಬಿಡಿ, ಕುರ್ಚಿ ವಿಷಯಕ್ಕೆ ಬೇಜಾರು ಮಾಡ್ಕೋಬೇಡಿ, ನಿಮ್ದು ಅಂತ ಗೊತ್ತಿರ್ಲಿಲ್ಲ. ಗೇಟು ತೆರೆಯುತ್ತಿದೆ, ಸಿಳ್ಳೆ, ಮೂರು ಉದ್ದ, ಎರಡು ಗಿಡ್ಡ, ನಮ್ಮ ಸರೋವರದ ನಮಸ್ಕಾರ, ಅದನ್ನೂ ಕಲಿತಿದ್ದಾನೆ ಬೇವರ್ಸಿ, ನನಗಾಗಿಯೇ ಊದಿಸುತ್ತಿದ್ದಾನೆ, ಕೂಗಿದರೆ ಈಗ ಕೇಳಿಸುವುದಿಲ್ಲ, ಕೂಗಿದೆನೇ, ಇಲ್ಲ, ಬಾಯಿ ಮಾತ್ರ ತೆರೆದಿದೆ, ಇನ್ನು ಅವನು ಕೆಳಗಿಳಿದು ಹೋಗುತ್ತಾನೆ, ಪಂಪಿನ ಹಿಂದೆ ಮಂಡಿಯೂರುತ್ತಾನೆ, ಬಟ್ಟೆಯಲ್ಲಿ ಒರೆಸುತ್ತಾನೆ, ಹಿಂಡುತ್ತಾನೆ, ಬೆಳಗ್ಗೆ ಅಲ್ಲೇ, ತಟ್ಟೆಯಷ್ಟು, ಒರೆಸುತ್ತಾನೆ, ಬೆಳಗ್ಗೆ ಅಲ್ಲೇ, ಒರೆಸುತ್ತಾನೆ, ಒದ್ದೆ.