ಬರಿದಾಗಿ ಮರಳದ ಭರಣಿ

ಮಾಘದ ಎಳೆಬಿಸಿಲಿಗೆ ಉಪ್ಪಿನಕಾಯಿ ಜಾಡಿಯನ್ನು ಸರಿಸಿ, ಮೊಣ್ಣಯ್ಯ ನಿಂಬೆಹೋಳುಗಳನ್ನು ಮರದ ಸೌಟಿನಿಂದ ಕಲಕುತ್ತಿದ್ದರು. ಫರೀದಾಬಾದಿನ ಆ ಮನೆಯಂಗಳದ ಇನ್ನೊಂದು ಮೂಲೆಯಲ್ಲಿ ನೆರೆಯವರು ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದರು. ಒಳಗೆ ಮೊಣ್ಣಯ್ಯನವರ ಹೆಂಡತಿ ಮಾಚಮ್ಮನಿಗೆ ಕಡೆಯ ಸ್ನಾನ ನಡೆದಿತ್ತು.

"ಈಗ ಯಾಕಪ್ಪ ಅದೆಲ್ಲ? ಛೋಡೋ ನಾ," ಎಂದಳು ಮಗಳು ಜೀವಿತಾ.

"ದಿನಾ ಕಲಕಬೇಕು ಅಂದಿದ್ದಳು ನಿನ್ನಮ್ಮ."

"ಯಾರಿಗೋಸ್ಕರ? ಆ ಕರೆಂಟ್ ಅಂಕಲ್‌ಗೆ ತಾನೇ? ಬರಲಿ, ನಾನು ಹೇಳೇ ಹೇಳ್ತೀನಿ."

ಮೊಣ್ಣಯ್ಯ ಸೌಟು ಆಡಿಸುತ್ತಲೇ ಇದ್ದರು. ಹೇಳಬೇಕೋ ಬೇಡವೋ ಎಂಬುದು ಅವರಿಗೇ ಬಗೆಹರಿದಿರಲಿಲ್ಲ.

*

ಎಂಬತ್ತೆಂಟನೇ ಇಸವಿಯಲ್ಲಿ ಮಾಚಮ್ಮನ ಗರ್ಭಕೋಶದ ಕ್ಯಾನ್ಸರಿಗೆ ದಿಲ್ಲಿಯ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟವರು ಅಲ್ಲಿನ ಟೆಕ್ನಿಶಿಯನ್ ನಾರಾಯಣಸ್ವಾಮಿ. ಹೊಟ್ಟೆಯ ಮೇಲೆ ನೇರಳೆ ಮಸಿಯಲ್ಲಿ ಚೌಕ ಬರೆದು, "ಒರೆಸ್ಕೋಬೇಡಿ ಅಮ್ಮ, ಇದು ನನ್ನ ರಂಗೋಲಿ," ಎಂದು ನಗಿಸುತ್ತಿದ್ದರು. ಬದುಕಿ ಬಂದ ಮಾಚಮ್ಮ ವರ್ಷವರ್ಷವೂ ಅವರಿಗೊಂದು ಭರಣಿ ಉಪ್ಪಿನಕಾಯಿ ಕಳಿಸಿದರು. ಪಾತ್ರೆ ಬರಿದಾಗಿ ಮರಳಬಾರದೆಂದು ನಾರಾಯಣಸ್ವಾಮಿ ಅದಕ್ಕೆ ಬೊಗಸೆ ಸಕ್ಕರೆ ಹಾಕಿ ತಂದುಕೊಡುತ್ತಿದ್ದರು.

ಹತ್ತೊಂಬತ್ತು ವರ್ಷ ಕಳೆದು, ಹೋದ ದೀಪಾವಳಿಗೆ ಕರುಳಿನಲ್ಲಿ ಬೇರೆಯೇ ಒಂದು ಕ್ಯಾನ್ಸರ್ ಕಂಡಿತು. ಅಂದಿನ ಕರೆಂಟಿನಿಂದಲೇ ಹುಟ್ಟಿರಬೇಕು, ತೀರಾ ಅಪರೂಪ ಎಂದರು ಡಾಕ್ಟರು. ಕೊಡದಿದ್ದರೆ ಆಗಲೇ ಹೋಗುತ್ತಿದ್ದರು, ಯಾರ ತಪ್ಪೂ ಅಲ್ಲ ಎಂದೂ ಅಂದರು. ಇಪ್ಪತ್ತೆಂಟು ವರ್ಷ ಸೈನ್ಯದ ಪಟಾಲಮ್ಮಿನಲ್ಲಿದ್ದ ಮೊಣ್ಣಯ್ಯ, ಗುಂಡು ಯಾವ ಕಡೆಯಿಂದ ಬಂತೆಂದು ತಿಳಿಯದ ಗಾಯವನ್ನು ಕಂಡಿರಲಿಲ್ಲ. ಮಾಚಮ್ಮ ಮಾತ್ರ, "ಅಷ್ಟು ವರ್ಷ ಕೊಟ್ಟರಲ್ಲ," ಎಂದು ನಿಂಬೆ ಹೆಚ್ಚಲು ಕೂತಿದ್ದರು.

*

ನಾರಾಯಣಸ್ವಾಮಿ ಗೇಟಿನಲ್ಲೇ ನಿಂತುಬಿಟ್ಟರು. ಕಂಕುಳಲ್ಲಿ ಭರಣಿ.

"ಗೊತ್ತೇ ಇರಲಿಲ್ಲ ಸುಬೇದಾರ್ರೇ. ಇದನ್ನ ಕೊಟ್ಟುಹೋಗೋಣ ಅಂತ ಬಂದೆ... ಆ ಹಳೇದೇ ತಿರುಗಿ ಬಂತಾ?"

"ಅಂಕಲ್, ಆ್ಯಕ್ಚುಲಿ..." ಜೀವಿತಾ ಮುಂದೆ ಬಂದಳು.

"ಹಳೇದಲ್ಲ," ಎಂದು ಮೊಣ್ಣಯ್ಯ ನಡುವೆ ಬಾಯಿ ಹಾಕಿದರು. "ಕರುಳಿಂದು."

"ಕರುಳು..." ನಾರಾಯಣಸ್ವಾಮಿಯವರ ತೋರುಬೆರಳು ಗಾಳಿಯಲ್ಲೊಂದು ಚೌಕ ಬರೆದು ನಿಂತಿತು. "ನಾನು ಬರೆದ ಚೌಕದೊಳಗೇನಾ?"

ಮೊಣ್ಣಯ್ಯ ಆ ಬೆರಳನ್ನು ಮೆಲ್ಲನೆ ಹಿಡಿದು ಕೆಳಗಿಳಿಸಿದರು.

"ಚಲೋ ಮೊಣ್ಣಯ್ಯನವರೇ, ಹೆಗಲು ಕೊಡಿ, ಹೊತ್ತಾಯ್ತು," ಎಂದು ಪಕ್ಕದ ಮನೆಯ ದತ್ತಾತ್ರೇಯ ಕೂಗಿದರು.

ಮೊಣ್ಣಯ್ಯ ಕೈಚಾಚಿ ಭರಣಿಯನ್ನು ಇಸಿದುಕೊಂಡರು.

"ನನ್ನ ಜಾಗಕ್ಕೆ ನೀವು ಬನ್ನಿ," ಎಂದರು.

ನಾರಾಯಣಸ್ವಾಮಿ ಚಪ್ಪಲಿ ಬಿಟ್ಟು ಬಂದು ಹೆಗಲು ಕೊಟ್ಟರು.

ಚಟ್ಟ ಗೇಟು ದಾಟಿತು. ಹಿಂದೆ ನಡೆದ ಮೊಣ್ಣಯ್ಯ ಭರಣಿಯನ್ನು ಒಳಗಿಟ್ಟು ಬರಲು ಮರೆತಿದ್ದರು. ಸೆಕ್ಟರಿನ ತಿರುವಿನ ತನಕ, ಹೆಜ್ಜೆಹೆಜ್ಜೆಗೂ, ಅದರೊಳಗೆ ಸಕ್ಕರೆ ಸರಸರ ಸದ್ದು ಮಾಡುತ್ತಿತ್ತು.